ನಿಮಗಿದು ಗೊತ್ತೆ? ಚಂಡಮಾರುತದ ದಾರಿ ಹೇಳಲು ಒಂದೇ ಮಾದರಿ ಸಾಲದು

2012ರ ಅಕ್ಟೋಬರ್‌ನಲ್ಲಿ ‘ಸ್ಯಾಂಡಿ’ ಚಂಡಮಾರುತ ಅಟ್ಲಾಂಟಿಕ್ ಸಾಗರದಲ್ಲಿದ್ದಾಗ, ಅದು ನಡುಗಡಲಿನತ್ತ ಸರಿದುಹೋಗುತ್ತದೆ ಎಂದು ಅಮೆರಿಕದ ಕಂಪ್ಯೂಟರ್ ಮಾದರಿ ಮೊದಮೊದಲು ಹೇಳುತ್ತಿತ್ತು. ಯುರೋಪಿನ ಮಾದರಿ ಮಾತ್ರ ಸುಮಾರು ವಾರ ಮೊದಲೇ, ಅದು ಎಡಕ್ಕೆ ಹೊರಳಿ ಕರಾವಳಿಗೆ ನುಗ್ಗುವ ಸುಳಿವು ಕೊಟ್ಟಿತು. ಅಕ್ಟೋಬರ್ 29ರಂದು ನ್ಯೂಜೆರ್ಸಿಯಲ್ಲಿ ಆದದ್ದೂ ಅದೇ. ಹಾಗಾದರೆ ಗೆದ್ದ ಮಾದರಿಯನ್ನೇ ನಂಬಿದರೆ ಆಯಿತಲ್ಲ ಎನ್ನಬಹುದು. ಆಗದು. ಚಂಡಮಾರುತವನ್ನು ಒಯ್ಯುವುದು ಸುತ್ತಲಿನ ವಾಯುಮಂಡಲದ ದೊಡ್ಡ ಹರಿವು. ಅದರ ಆರಂಭಿಕ ಅಳತೆಯಲ್ಲಿನ ಸಣ್ಣ ತಪ್ಪೂ ದಿನಕಳೆದಂತೆ ಬೆಳೆಯುತ್ತದೆ. ಒಮ್ಮೆ ಗೆದ್ದ ಮಾದರಿ ಮತ್ತೊಮ್ಮೆ ಎಡವುತ್ತದೆ. ಹಲವು ಮಾದರಿಗಳನ್ನು ಕೂಡಿಸಿ ಸರಾಸರಿ ತೆಗೆದರೆ ಒಂದರ ತಪ್ಪನ್ನು ಇನ್ನೊಂದು ಬಹುಮಟ್ಟಿಗೆ ಅಳಿಸುತ್ತದೆ. ಇಂಥ ಸುಧಾರಣೆಗಳ ಫಲ ದೊಡ್ಡದು: 1990ರ ಸುಮಾರಿಗೆ ಅಟ್ಲಾಂಟಿಕ್‌ನಲ್ಲಿ ಮೂರು ದಿನ ಮುಂಚಿನ ಮುನ್ಸೂಚನೆ ಸರಾಸರಿ 500 ಕಿ.ಮೀ. ಆಸುಪಾಸು ತಪ್ಪುತ್ತಿತ್ತು, ಈಗ 200 ಕಿ.ಮೀ. ಒಳಗಿದೆ.

ದಾರಿ ಸರಿಯಾಗಿ ಗೊತ್ತಾದರೆ ಸಾಕೆಂಬ ಮಾತನ್ನೂ ಒಪ್ಪಲಾಗದು. 2023ರ ಅಕ್ಟೋಬರ್‌ನಲ್ಲಿ ‘ಓಟಿಸ್’ ಚಂಡಮಾರುತ ಒಂದೇ ದಿನದಲ್ಲಿ ಅತಿ ಪ್ರಬಲವಾದ ಐದನೇ ದರ್ಜೆಗೇರಿ ಮೆಕ್ಸಿಕೊದ ಅಕಾಪುಲ್ಕೊ ಬಳಿ ಅಪ್ಪಳಿಸಿತು. ಅಷ್ಟು ಬಲವನ್ನು ಮಾದರಿಗಳು ಊಹಿಸಿರಲಿಲ್ಲ. ಇನ್ನು ಅಮೆರಿಕದ ಮುನ್ಸೂಚನಾ ನಕ್ಷೆಯಲ್ಲಿ ಕಾಣುವ ಶಂಕುವಿನಾಕಾರ. ಅದು ಬಿರುಗಾಳಿಯ ಗಾತ್ರವಲ್ಲ, ಅದರ ಕೇಂದ್ರ ಸಾಗಬಹುದಾದ ವ್ಯಾಪ್ತಿ. ಮೂರರಲ್ಲಿ ಒಂದು ಸಲ ಕೇಂದ್ರವೇ ಆ ಗೆರೆ ದಾಟುತ್ತದೆ. ಗಾಳಿ, ಮಳೆ, ಉಕ್ಕುವ ಕಡಲು ಹೇಗೂ ಅದರಾಚೆಗೆ ಚಾಚಿರುತ್ತವೆ. ಆದ್ದರಿಂದ ನಿಮ್ಮ ಊರು ಶಂಕುವಿನ ಹೊರಗಿದೆಯೆಂದು ನಿಶ್ಚಿಂತರಾಗಬೇಡಿ. ಸ್ಥಳೀಯ ಎಚ್ಚರಿಕೆಯನ್ನು ಪಾಲಿಸಿ.