ಅಂಗೈಯ ಆಟದ ಯಂತ್ರವೂ ಚೌಕಾಬಾರದ ಕವಡೆಯೂ

1989ರಲ್ಲಿ ಜಪಾನಿನ ನಿಂಟೆಂಡೊ ಸಂಸ್ಥೆಯು ಹೊರತಂದ ಗೇಮ್ ಬಾಯ್ ಎಂಬ ಯಂತ್ರವು ಅಂಗೈಯಲ್ಲಿ ಹಿಡಿದು ಆಡುವ ಯಂತ್ರಗಳಲ್ಲಿ ಸುಪ್ರಸಿದ್ಧವಾದುದು. ಅದರ ತೆರೆಯಲ್ಲಿದ್ದ ಬಿಂದುಗಳು ಅಡ್ಡಲಾಗಿ 160, ಲಂಬವಾಗಿ 144, ಛಾಯೆಗಳು ನಾಲ್ಕೇ. ಅಂತಹ ಮಿತಸಾಧನದ ಯಂತ್ರವನ್ನು ನಾವೇ ನಿರ್ಮಿಸಿಕೊಳ್ಳುವ ಬಗೆಯನ್ನು ಇಲ್ಲಿ ವಿವರಿಸುತ್ತೇವೆ. ಆಟಕ್ಕಾಗಿ ನಾವು ಆರಿಸಿಕೊಂಡುದು ಚೌಕಾಬಾರ.

ಯಂತ್ರದ ಅಂಗಗಳು ನಾಲ್ಕು: ಅಟ್ಮೆಗಾ 328ಪಿ ಎಂಬ ಮೈಕ್ರೋಕಂಟ್ರೋಲರ್, 128×64 ಬಿಂದುಗಳ ಏಕವರ್ಣದ ಓಎಲ್‌ಇಡಿ ತೆರೆ, ಆರು ಗುಂಡಿಗಳು, ಒಂದು ಲಿಥಿಯಂ ಕೋಶ. ಮೈಕ್ರೋಕಂಟ್ರೋಲರಿನ ಕಾರ್ಯಸ್ಮೃತಿಯು 2,048 ಬೈಟುಗಳು ಮಾತ್ರ. ತೆರೆಯ 8,192 ಬಿಂದುಗಳಿಗೆ ಒಂದೊಂದು ಬಿಟ್ಟಿನಂತೆ 1,024 ಬೈಟುಗಳು ಬೇಕಾಗುವುದರಿಂದ ಅರ್ಧ ಸ್ಮೃತಿಯು ಚಿತ್ರಕ್ಕೇ ಮೀಸಲಾಗುತ್ತದೆ. ಚೌಕಾಬಾರವಾದರೋ ಈ ಇಕ್ಕಟ್ಟಿನಲ್ಲಿಯೂ ಸುಲಭವಾಗಿ ಹಿಡಿಸುತ್ತದೆ. ಮನೆಗಳು 25, ನಾಲ್ವರ ಕಾಯಿಗಳು ಒಟ್ಟು 16. ಕಾಯಿಗೊಂದು ಬೈಟಿನಂತೆ 16 ಬೈಟುಗಳು ಸಾಕು.

ಕಠಿನವಾದುದು ಕವಡೆಯ ಭಾಗ. ನಾಲ್ಕು ಕವಡೆಗಳಲ್ಲಿ ಬಾಯಿ ಮೇಲಾದವುಗಳ ಸಂಖ್ಯೆಯೇ ಗರ. ಒಂದು ರೂಢಿಯಂತೆ ನಾಲ್ಕೂ ಮೇಲಾದರೆ ಚೌಕ. ನಾಲ್ಕೂ ಕವುಚಿದರೆ ಬಾರ, ಎಂದರೆ ಎಂಟು. ನಮ್ಮ ಮೊದಲ ಕ್ರಮವಿಧಿಯು ಈ ಐದು ಗರಗಳಲ್ಲಿ ಒಂದನ್ನು ಸಮಸಂಭವವಾಗಿ ಆರಿಸುತ್ತಿತ್ತು. ಕಲಬುರಗಿಯಲ್ಲಿ ನಮಗಾರಿಗೂ ದೋಷ ಕಾಣಲಿಲ್ಲ. ಕಮಲಾಪುರದ ಹಿರಿಯರೊಬ್ಬರು ಕೆಲವು ಸುತ್ತು ಆಡಿ, "ಕವಡಿ ಹಿಂಗ ಬೀಳಂಗಿಲ್ರಿ" ಎಂದರು. ಗಣಿತವು ಅವರ ಮಾತನ್ನೇ ಸಮರ್ಥಿಸಿತು. ಕವಡೆಯ ಎರಡು ಮಗ್ಗುಲೂ ಸಮಸಂಭವವೆಂದು ಭಾವಿಸಿದರೆ, ಒಟ್ಟು 16 ಬಗೆಗಳಲ್ಲಿ ಒಂದು, ಎರಡು, ಮೂರು ಎಂಬ ಗರಗಳು ಕ್ರಮವಾಗಿ 4, 6, 4 ಬಗೆಗಳಲ್ಲಿ ಬೀಳುತ್ತವೆ. ಚೌಕಕ್ಕೂ ಬಾರಕ್ಕೂ ಒಂದೊಂದೇ ಬಗೆ. ಹದಿನಾರರಲ್ಲೊಮ್ಮೆ ಬೀಳತಕ್ಕ ಬಾರವನ್ನು ನಾವು ಐದರಲ್ಲೊಮ್ಮೆ ಬೀಳಿಸುತ್ತಿದ್ದೆವು! ಈಗ ನಾಲ್ಕು ಬಿಟ್ಟುಗಳನ್ನು ಬೇರೆಬೇರೆಯಾಗಿ ಪಡೆದು, ಅವುಗಳಲ್ಲಿನ ಒಂದುಗಳನ್ನು ಎಣಿಸುತ್ತೇವೆ. ನಿಜವಾದ ಕವಡೆಯ ಎರಡು ಮಗ್ಗುಲು ಸಮವಲ್ಲದ ಕಾರಣ, ಕವಡೆಗಳನ್ನು ನೂರಾರು ಬಾರಿ ಎಸೆದು ಪ್ರಮಾಣವನ್ನು ತಿದ್ದುವುದು ವಿದ್ಯಾರ್ಥಿಗಳಿಗೆ ಯೋಗ್ಯವಾದ ಅಭ್ಯಾಸ.

ಇನ್ನೊಂದು ಅಂಶವುಂಟು. ಯಂತ್ರದ ಯಾದೃಚ್ಛಿಕ ಸಂಖ್ಯೆಗಳು ಸೂತ್ರದಿಂದ ಹುಟ್ಟುವುದರಿಂದ, ಆರಂಭಸಂಖ್ಯೆ ಒಂದೇ ಆಗಿದ್ದರೆ ಪ್ರತಿಸಲವೂ ಗರಗಳು ಅದೇ ಅನುಕ್ರಮದಲ್ಲಿ ಬೀಳುತ್ತವೆ. ಆದುದರಿಂದ ಆಟಗಾರನು ಮೊದಲ ಗುಂಡಿಯನ್ನೊತ್ತಿದ ಕ್ಷಣವನ್ನು ಮೈಕ್ರೋಸೆಕೆಂಡುಗಳಲ್ಲಿ ಅಳೆದು, ಅದನ್ನೇ ಆರಂಭಸಂಖ್ಯೆಯಾಗಿ ಕೊಡಬೇಕು.

ವಿದ್ಯುತ್ತಿನ ವಿಷಯದಲ್ಲಿ ಎಚ್ಚರಿಕೆ ಅವಶ್ಯ. ಕೋಶದ ಒತ್ತಡವು 4.2 ವೋಲ್ಟಿನಿಂದ ಕ್ರಮೇಣ ಇಳಿಯುವುದರಿಂದ ಗಡಿಯಾರದ ವೇಗವನ್ನು 16ರ ಬದಲು 8 ಮೆಗಾಹರ್ಟ್ಸಿಗೆ ಇಡತಕ್ಕದ್ದು. ಕಲಬುರಗಿಯ ಬೇಸಗೆಯಲ್ಲಿ ಉಷ್ಣತೆಯು 40 ಡಿಗ್ರಿ ಸೆಲ್ಸಿಯಸನ್ನು ಮೀರುತ್ತದೆ. ಇಂತಹ ಕೋಶಗಳನ್ನು ಸಾಮಾನ್ಯವಾಗಿ 45 ಡಿಗ್ರಿಯ ಮೇಲೆ ಚಾರ್ಜು ಮಾಡಲಾಗದು. ರಕ್ಷಣಾಮಂಡಲವಿಲ್ಲದ ಕೋಶವನ್ನು ವಿದ್ಯಾರ್ಥಿಗಳ ಕೈಗೆ ಕೊಡಲೇಬಾರದು.

ಯಂತ್ರವು ನಡೆಯಿತೆಂದ ಮಾತ್ರಕ್ಕೆ ಆಟವು ಸರಿಯಾಯಿತೆಂದಲ್ಲ. ಅದನ್ನು ನಿರ್ಣಯಿಸಲು ಆಟ ಬಲ್ಲವರ ಕೈಗೇ ಅದನ್ನು ಒಪ್ಪಿಸಬೇಕಾಯಿತು.