ನರಕ್ಯಾ ಮರದಲ್ಲಿ ಕ್ಯಾನ್ಸರ್ ಔಷಧ

ಬೆಳಗಾವಿ: ಖಾನಾಪುರ ತಾಲ್ಲೂಕಿನ ಪಶ್ಚಿಮಘಟ್ಟದ ಕಾಡುಗಳಲ್ಲಿ ಬೆಳೆಯುವ, ದುರ್ವಾಸನೆಯ ಹೂಬಿಡುವ ಸಣ್ಣ ಮರವೊಂದನ್ನು ಮರಾಠಿ ಭಾಷಿಕರು 'ನರಕ್ಯಾ' ಎನ್ನುತ್ತಾರೆ. ಇದರ ತೊಗಟೆ, ಕಾಂಡ ಹಾಗೂ ಬೇರುಗಳಲ್ಲಿ ಕ್ಯಾಂಪ್ಟೋಥೆಸಿನ್ ಎಂಬ ರಾಸಾಯನಿಕವಿದೆ.

1966ರಲ್ಲಿ ಮನ್ರೋ ವಾಲ್ ಮತ್ತು ಭಾರತ ಸಂಜಾತ ಮನ್ಸುಖ್ ವಾನಿ ಅವರ ತಂಡವು ಚೀನಾ ಮೂಲದ ಮರವೊಂದರಲ್ಲಿ ಈ ವಸ್ತುವನ್ನು ಗುರುತಿಸಿದ ವಿವರವನ್ನು ಪ್ರಕಟಿಸಿತು. 1972ರಲ್ಲಿ ಟಿ.ಆರ್. ಗೋವಿಂದಾಚಾರಿ ಮತ್ತು ಎನ್. ವಿಶ್ವನಾಥನ್ ಅದನ್ನು ನರಕ್ಯಾದಲ್ಲಿಯೂ ಕಂಡರು.

ಜೀವಕೋಶ ವಿಭಜನೆಗೊಳ್ಳುವಾಗ ಡಿಎನ್‌ಎ ಎಳೆಗಳ ತಿರುಚು ಬಿಡಿಸುವ ಕಿಣ್ವವನ್ನು ಕ್ಯಾಂಪ್ಟೋಥೆಸಿನ್ ಅಲ್ಲಿಯೇ ಸಿಲುಕಿಸುತ್ತದೆ. ಎಳೆಗಳು ತುಂಡಾಗಿ, ವೇಗವಾಗಿ ವಿಭಜನೆಯಾಗುವ ಕ್ಯಾನ್ಸರ್ ಕೋಶ ಸಾಯುತ್ತದೆ. ಆದರೆ ಮೂಲವಸ್ತು ನೀರಿನಲ್ಲಿ ಸುಲಭವಾಗಿ ಕರಗದು. ತೀವ್ರ ಅಡ್ಡಪರಿಣಾಮಗಳೂ ಉಂಟು. ಆದ್ದರಿಂದ ಔಷಧ ರಸಾಯನಶಾಸ್ತ್ರಜ್ಞರು ಅಣುರಚನೆಯನ್ನು ಮಾರ್ಪಡಿಸಿದರು. ಹೀಗೆ ರೂಪುಗೊಂಡ ಟೋಪೊಟೆಕಾನ್ ಅಂಡಾಶಯದ ಕ್ಯಾನ್ಸರಿಗೂ ಇರಿನೊಟೆಕಾನ್ ದೊಡ್ಡ ಕರುಳಿನ ಕ್ಯಾನ್ಸರಿಗೂ 1996ರಲ್ಲಿ ಅಮೆರಿಕದ ಅನುಮತಿ ಪಡೆದವು.

ಇವುಗಳ ತಯಾರಿಕೆಗೆ ಬೇಕಾದ ಕಚ್ಚಾವಸ್ತುವನ್ನು ಇಂದಿಗೂ ಮರಗಳಿಂದ ಪಡೆಯಲಾಗುತ್ತಿದೆ. ಮರವನ್ನೇ ಕಡಿದು ಸಾಗಿಸಿದ್ದರಿಂದ ಪಶ್ಚಿಮಘಟ್ಟದಲ್ಲಿ ನರಕ್ಯಾ ವಿರಳವಾಗಿದೆ. ಘಟ್ಟದ ಔಷಧೀಯ ಸಸ್ಯಗಳ ರಾಸಾಯನಿಕ ಅಧ್ಯಯನವು ಬೆಳಗಾವಿಯಲ್ಲಿರುವ ಐಸಿಎಂಆರ್‌ನ ರಾಷ್ಟ್ರೀಯ ಪಾರಂಪರಿಕ ಔಷಧ ಸಂಸ್ಥೆಯ ಕಾರ್ಯಗಳಲ್ಲೊಂದು. ಔಷಧಾಂಶ ಹೆಚ್ಚಿರುವ ತಳಿಗಳನ್ನು ಗುರುತಿಸಿ ಹೊಲ–ತೋಟಗಳಲ್ಲಿ ಬೆಳೆಸಿದರೆ ರೋಗಿಗೆ ಔಷಧವೂ ದೊರೆಯುವುದು, ಕಾಡಿನ ಮರವೂ ಉಳಿಯುವುದು.