ಅಮೆರಿಕದ ಬೀದಿಯಲ್ಲೊಂದು ಇಂಗಿನ ಅಂಗಡಿ

ನ್ಯೂಯಾರ್ಕಿನ ಲೆಕ್ಸಿಂಗ್ಟನ್ ಅವೆನ್ಯೂದಲ್ಲಿ 123ನೇ ನಂಬರಿನ ಕಟ್ಟಡ ನೋಡಲು ಅಂಥ ವಿಶೇಷದ್ದೇನಲ್ಲ. ಆದರೆ 1881ರ ಸೆಪ್ಟೆಂಬರ್ 20ರಂದು, ಇನ್ನೂ ಬೆಳಕು ಹರಿಯುವ ಮುನ್ನ, ಈ ಮನೆಯಲ್ಲಿ ಒಬ್ಬ ಮನುಷ್ಯ ಅಮೆರಿಕದ ಅಧ್ಯಕ್ಷನಾದ. ಗುಂಡೇಟು ತಿಂದು ಎರಡು ತಿಂಗಳಿಗೂ ಹೆಚ್ಚು ಕಾಲ ನರಳಿದ ಅಧ್ಯಕ್ಷ ಗಾರ್ಫೀಲ್ಡ್ ತೀರಿಕೊಂಡ ಸುದ್ದಿ ಬಂದಿತ್ತು. ಉಪಾಧ್ಯಕ್ಷ ಚೆಸ್ಟರ್ ಆರ್ಥರ್ ತನ್ನ ಮನೆಯಲ್ಲೇ ಪ್ರಮಾಣವಚನ ಸ್ವೀಕರಿಸಿದ. ಮರುವರ್ಷ, 1882ರಲ್ಲಿ, ಚೀನಾದ ಕೂಲಿಕಾರರು ಅಮೆರಿಕಕ್ಕೆ ಕಾಲಿಡದಂತೆ ತಡೆಯುವ ಕಾನೂನಿಗೆ ಸಹಿ ಹಾಕಿದವನೂ ಇವನೇ. ಒಂದು ದೇಶದ ಜನರನ್ನು ಹೆಸರು ಹಿಡಿದು ಹೊರಗಿಟ್ಟ ಅಮೆರಿಕದ ಮೊದಲ ದೊಡ್ಡ ಕಾನೂನು ಅದು.

ಅದೇ ಮನೆಯಲ್ಲಿ ಈಗ ಕಲುಸ್ತ್ಯಾನ್ಸ್ ಎಂಬ ದಿನಸಿ ಅಂಗಡಿಯಿದೆ. ಇಂಗು, ಏಲಕ್ಕಿ, ಹುಣಸೆಹಣ್ಣು, ಹತ್ತಾರು ದೇಶಗಳ ಒಣಮೆಣಸಿನಕಾಯಿ, ಬೇಳೆ, ಉಪ್ಪಿನಕಾಯಿ, ಹೆಚ್ಚಿನದು ಏಷ್ಯಾದ ಸರಕು. ಅಧ್ಯಕ್ಷ ಮಹಾಶಯ ಎದ್ದು ಬಂದರೆ ಏನನ್ನುತ್ತಿದ್ದನೋ!

ಅಂಗಡಿಗೆ ಹೆಸರು ಕೊಟ್ಟವನು ಭಾರತೀಯನಲ್ಲ, ಟರ್ಕಿಯಿಂದ ಬಂದ ಅರ್ಮೇನಿಯನ್. ಕೆರೋಪ್ ಕಲುಸ್ತ್ಯಾನ್ 1944ರಲ್ಲಿ ವ್ಯಾಪಾರ ಶುರು ಮಾಡಿದಾಗ ಆ ಬೀದಿಯ ಸುತ್ತಮುತ್ತ ಇದ್ದವರೂ ಅರ್ಮೇನಿಯನ್ನರೇ. ಭಾರತೀಯರು ಇರಲೂ ಹೇಗೆ ಸಾಧ್ಯ? 1917ರ ಕಾನೂನು ಏಷ್ಯಾದ ಬಹುಭಾಗಕ್ಕೆ ಬಾಗಿಲು ಹಾಕಿತ್ತು. 1946ರಲ್ಲಿ ಆ ಬಾಗಿಲು ಕೊಂಚ ತೆರೆಯಿತು, ವರ್ಷಕ್ಕೆ 100 ಭಾರತೀಯರಿಗೆ ಮಾತ್ರ. ನೂರು ಜನರನ್ನು ನಂಬಿ ಯಾರು ತೊಗರಿಬೇಳೆಯ ಮೂಟೆ ತರಿಸುತ್ತಾರೆ? ಆದರೆ ಜೀರಿಗೆ, ಕೊತ್ತಂಬರಿ ಬೀಜ, ಕಡಲೆಕಾಳು, ಗೋಧಿನುಚ್ಚು ಅರ್ಮೇನಿಯನ್ನರ ಒಲೆಗೂ ಬೇಕು, ನಮ್ಮ ಒಲೆಗೂ ಬೇಕು. ನಮ್ಮವರು ಅವರ ಅಂಗಡಿಗೆ ಗಿರಾಕಿಗಳಾದದ್ದು ಹಾಗೆ.

1965ರ ಅಕ್ಟೋಬರ್ 3ರಂದು ಅಧ್ಯಕ್ಷ ಲಿಂಡನ್ ಜಾನ್ಸನ್ ಲಿಬರ್ಟಿ ಪ್ರತಿಮೆಯ ಬುಡದಲ್ಲಿ ಕುಳಿತು ಹೊಸ ವಲಸೆ ಕಾನೂನಿಗೆ ಸಹಿ ಹಾಕಿದ. ಹುಟ್ಟಿದ ದೇಶ ನೋಡಿ ಕೋಟಾ ಹಂಚುವ ಪದ್ಧತಿ ಹೋಯಿತು. ಕಸುಬು ಬಲ್ಲವರಿಗೆ, ಒಳಗೆ ಬಂದವರ ಬಂಧುಗಳಿಗೆ ದಾರಿಯಾಯಿತು. ಡಾಕ್ಟರುಗಳು, ಎಂಜಿನಿಯರುಗಳು, ಓದಲು ಬಂದ ಹುಡುಗರು, ಆಮೇಲೆ ಅವರ ಹೆಂಡತಿಯರು, ತಮ್ಮಂದಿರು, ನಾದಿನಿಯರು. ಲೆಕ್ಸಿಂಗ್ಟನ್ ಅವೆನ್ಯೂದ ಮರ್ರಿ ಹಿಲ್ ಪ್ರದೇಶದಲ್ಲಿ ದೋಸೆ ಹೋಟೆಲುಗಳು, ಸೀರೆ ಅಂಗಡಿಗಳು ಎದ್ದು, ಜನ ಅದನ್ನು ತಮಾಷೆಗೆ ‘ಕರಿ ಹಿಲ್’ ಎಂದರು. ಕಲುಸ್ತ್ಯಾನ್ಸ್ 1988ರಲ್ಲಿ ಬಾಂಗ್ಲಾದೇಶ ಮೂಲದವರ ಕೈಗೆ ಬಂತು. ಅರ್ಮೇನಿಯನ್ ಹೆಸರು ಹಾಗೇ ಉಳಿಯಿತು. ನಡೆಯುವ ಅಂಗಡಿಯ ಹೆಸರನ್ನು ಯಾವ ಜಾಣ ವ್ಯಾಪಾರಿಯೂ ಬದಲಿಸುವುದಿಲ್ಲ.

ಈ ಕಥೆಯ ಇನ್ನೊಂದು ಕವಲು ಶಿಕಾಗೋದ ಡೆವೊನ್ ಅವೆನ್ಯೂದ್ದು. ಗುಜರಾತಿನ ಮೆಹ್ಸಾಣಾ ಕಡೆಯ ಮಫತ್ ಪಟೇಲ್ ಮತ್ತು ತುಳಸಿ ಪಟೇಲ್ ಸಹೋದರರು 1974ರಲ್ಲಿ ಅಲ್ಲೊಂದು ಪುಟ್ಟ ಅಂಗಡಿ ಇಟ್ಟರು. ಯಹೂದಿಗಳ ಬೇಕರಿ, ಮಾಂಸದಂಗಡಿಗಳಿಗೆ ಹೆಸರಾಗಿದ್ದ ಬೀದಿ ಅದು. ಇವತ್ತು ಪಟೇಲ್ ಬ್ರದರ್ಸ್‌ಗೆ ಅಮೆರಿಕದುದ್ದಕ್ಕೂ 50ಕ್ಕಿಂತ ಹೆಚ್ಚು ಮಳಿಗೆಗಳಿವೆ. ಡೆವೊನ್ ಬೀದಿಯ ಒಂದು ತುಂಡಿಗೆ ಇಸ್ರೇಲಿನ ಪ್ರಧಾನಿಯಾಗಿದ್ದ ಗೋಲ್ಡಾ ಮೇಯರ್ ಹೆಸರು, ಇನ್ನೊಂದು ತುಂಡಿಗೆ ಗಾಂಧಿ ಹೆಸರು, ಮತ್ತೊಂದಕ್ಕೆ ಜಿನ್ನಾ ಹೆಸರು, ಮಗದೊಂದಕ್ಕೆ ಶೇಖ್ ಮುಜೀಬ್ ಹೆಸರು. ಉಪಖಂಡ ಒಡೆದದ್ದು ಒಂದೇ ರಸ್ತೆಯ ಫಲಕಗಳಲ್ಲಿ ಕಾಣುತ್ತದೆ. ಬೇಳೆ ಕೊಳ್ಳುವಾಗ ಮಾತ್ರ ಎಲ್ಲರೂ ಒಂದೇ ಸಾಲಿನಲ್ಲಿ ನಿಲ್ಲುತ್ತಾರೆ.

ಅಮೆರಿಕದ ಕನ್ನಡಿಗರ ಬಾಯಲ್ಲಿ ಇಂಥ ಅಂಗಡಿ ‘ಇಂಡಿಯನ್ ಸ್ಟೋರು’. ಶನಿವಾರ ಬಂತೆಂದರೆ ಕಾರು ಅತ್ತ ತಿರುಗುತ್ತದೆ. ಈ ಅಂಗಡಿಗಳ ಬಗ್ಗೆ ಬರೆಯುವವರು ಸಾಮಾನ್ಯವಾಗಿ ತವರಿನ ನೆನಪು, ಅಮ್ಮನ ಕೈರುಚಿ ಎಂದು ಕಣ್ಣೊರೆಸಿಕೊಳ್ಳುತ್ತಾರೆ. ನನಗೇಕೋ ಅದರಲ್ಲಿ ಅಷ್ಟು ನಂಬಿಕೆಯಿಲ್ಲ. ನೆನಪಿನ ಪಟ್ಟಿಯನ್ನು ಗಿರಾಕಿ ತರಬಹುದು, ಆದರೆ ಕಪಾಟು ಜೋಡಿಸುವವರು ಬೇರೆ: ವೀಸಾ ಕೊಡುವವರು, ಕೀಟ ಪರೀಕ್ಷಿಸುವವರು, ದಿಲ್ಲಿಯಲ್ಲಿ ಕೂತು ರಫ್ತಿಗೆ ಬೀಗ ಹಾಕುವವರು, ತೆಗೆಯುವವರು.

ಕರಿಬೇವನ್ನೇ ನೋಡಿ. ಊರಿಂದ ಬರುವಾಗ ಒಂದು ಕಟ್ಟು ಸೊಪ್ಪನ್ನು ಸೀರೆ ಮಡಿಕೆಯೊಳಗೆ ಬಚ್ಚಿಟ್ಟು ತಂದು, ವಿಮಾನ ನಿಲ್ದಾಣದ ನಾಯಿಗೆ ಸಿಕ್ಕಿಬಿದ್ದವರ ಕಥೆ ಪ್ರತಿ ಕನ್ನಡ ಕೂಟದಲ್ಲೂ ಒಂದಾದರೂ ಇರುತ್ತದೆ. ಅಧಿಕಾರಿಗಳಿಗೆ ನಮ್ಮ ಒಗ್ಗರಣೆಯ ಮೇಲೆ ಹಗೆಯೇನಿಲ್ಲ. ಕರಿಬೇವು ನಿಂಬೆ, ಕಿತ್ತಳೆಗಳ ಕುಲಕ್ಕೆ ಸೇರಿದ ಗಿಡ. ಅದರ ಎಲೆಯ ಮೇಲೆ ಸಿಲ್ಲಿಡ್ ಎಂಬ ಸಾಸಿವೆ ಕಾಳಿಗಿಂತ ತುಸು ದೊಡ್ಡ ಕೀಟ ಸುಖವಾಗಿ ಬದುಕುತ್ತದೆ. ಕಿತ್ತಳೆ ತೋಟಗಳನ್ನು ನಾಶ ಮಾಡುವ ಹಸಿರು ರೋಗವನ್ನು ಮರದಿಂದ ಮರಕ್ಕೆ ದಾಟಿಸುವುದು ಅದೇ ಕೀಟ. ಫ್ಲಾರಿಡಾದಲ್ಲಿ ಕೀಟ ಸಿಕ್ಕಿದ್ದು 1998ರಲ್ಲಿ, ರೋಗ ಕಾಣಿಸಿದ್ದು 2005ರಲ್ಲಿ. ಆಮೇಲೆ ಆ ರಾಜ್ಯದ ಕಿತ್ತಳೆ ಬೆಳೆ ಕುಸಿದು ಕೂತಿತು. ಮದ್ದು ಇಲ್ಲದ ರೋಗ. ಹಾಗಾಗಿ ಕರಿಬೇವಿನ ಸಸಿ ಮಾರುವ ಎಷ್ಟೋ ನರ್ಸರಿಗಳು ಕಿತ್ತಳೆ ಬೆಳೆಯುವ ರಾಜ್ಯಗಳಿಗೆ ಪಾರ್ಸೆಲ್ ಕಳಿಸುವುದಿಲ್ಲ. ಚಳಿ ರಾಜ್ಯಗಳ ಕನ್ನಡಿಗರು ಬೇಸಿಗೆಯಲ್ಲಿ ಕುಂಡವನ್ನು ಹಿತ್ತಲಿಗೆ, ಹಿಮ ಬೀಳುವ ಮೊದಲು ಮನೆಯೊಳಗಿನ ಕಿಟಕಿ ಬಳಿಗೆ ಹೊತ್ತು ತಿರುಗಿ ಗಿಡವನ್ನು ಬದುಕಿಸಿಕೊಳ್ಳುತ್ತಾರೆ. ಅಂಗಡಿಯ ಪುಟ್ಟ ಪೊಟ್ಟಣದಲ್ಲಿ ಹದಿನೈದಿಪ್ಪತ್ತು ಕಡ್ಡಿ ಇರುತ್ತದೆ. ಬೆಂಗಳೂರಲ್ಲಿ ತರಕಾರಿಯವನು ಕೊಸರಾಗಿ ಹಾಕುತ್ತಿದ್ದ ಸೊಪ್ಪಿಗೆ ಇಲ್ಲಿ ಡಾಲರು ಎಣಿಸಬೇಕು. ಒಳಗಿರುವುದು ಎಲೆ, ತೆರುವುದು ಕಿತ್ತಳೆ ತೋಟದ ಭಯಕ್ಕೆ.

ಅಕ್ಕಿಗೂ ಒಂದು ಹುಳುವಿದೆ. ಖಾಪ್ರಾ ಎಂಬ ಉಗ್ರಾಣದ ದುಂಬಿ ಏನೂ ತಿನ್ನದೆ ಬಹುಕಾಲ ಮೂಟೆಯ ಹೊಲಿಗೆಯೊಳಗೆ ಅಡಗಿರಬಲ್ಲದು. ಅದಕ್ಕೆ ಹೆದರಿ 2011ರ ಜುಲೈ ಕೊನೆಯಿಂದ, ಆ ಹುಳು ಇರುವ ದೇಶಗಳಿಂದ ಪ್ರಯಾಣಿಕರು ಪೆಟ್ಟಿಗೆಯಲ್ಲಿ ಅಕ್ಕಿ ತರುವುದನ್ನು ಅಮೆರಿಕ ನಿಲ್ಲಿಸಿತು. ಪರೀಕ್ಷೆ ಮಾಡಿಸಿ, ಸಸ್ಯ ಆರೋಗ್ಯ ಪ್ರಮಾಣಪತ್ರ ಹಚ್ಚಿ ತರಿಸುವ ವ್ಯಾಪಾರಿಗೆ ಅನುಮತಿಯುಂಟು. ಮಗಳ ಬಾಣಂತನಕ್ಕೆ ಹೊರಟ ಅಜ್ಜಿ ಎರಡು ಸೇರು ರಾಜಮುಡಿ ಕಟ್ಟಿಕೊಂಡರೆ ಅದಿಲ್ಲ. ಅಜ್ಜಿಗೆ ಮುಚ್ಚಿದ ಆ ಬಾಗಿಲೇ ಅಂಗಡಿಯವನ ಲಾಭದ ಬಾಗಿಲು ಎಂದು ನಾನು ತಿಳಿದಿದ್ದೇನೆ.

ಮಾವಿನದು ಇನ್ನೂ ರಾಜಕೀಯ. 1989ರಿಂದ ಅಮೆರಿಕಕ್ಕೆ ಭಾರತದ ಮಾವು ಬರುವಂತಿರಲಿಲ್ಲ; ಕಾರಣ ಹಣ್ಣಿನ ನೊಣ, ಓಟೆಹುಳು. 2006ರಲ್ಲಿ ಅಧ್ಯಕ್ಷ ಬುಷ್ ದಿಲ್ಲಿಗೆ ಬಂದು ಅಣು ಒಪ್ಪಂದದ ಮಾತಾಡಿದಾಗ ಮಾವಿನ ಮಾತೂ ಆಯಿತು. 2007ರ ಏಪ್ರಿಲ್‌ನಲ್ಲಿ ಮೊದಲ ಪೆಟ್ಟಿಗೆಗಳು ಹೋದವು. ಷರತ್ತು: ಹಣ್ಣಿಗೆ ವಿಕಿರಣ ಹಾಯಿಸಿ ಹುಳುವಿನ ಸಂತಾನ ಮುಗಿಸಬೇಕು. ಮಹಾರಾಷ್ಟ್ರದ ಲಾಸಲಗಾಂವ್‌ನಲ್ಲಿ ಮೊದಲು, ಆಮೇಲೆ ನಮ್ಮ ಕೋಲಾರ ಜಿಲ್ಲೆಯ ಮಾಲೂರಿನಲ್ಲೂ ಅಂಥ ಘಟಕ ಬಂತು. ವಿಮಾನದಲ್ಲಿ ಹೋಗುವ ಆಪೂಸಿನ ಪೆಟ್ಟಿಗೆಗೆ ಬೆಲೆ ಕೇಳಿದವರು ಸುಮ್ಮನೆ ಮೆಕ್ಸಿಕೋದ ಹಳದಿ ಮಾವು ಎತ್ತಿಕೊಳ್ಳುತ್ತಾರೆ, ಅದರ ರುಚಿಯೂ ಕಡಿಮೆಯೇನಲ್ಲ. ಲಸ್ಸಿ, ಐಸ್‌ಕ್ರೀಮಿಗೆ ಡಬ್ಬಿಯ ತಿರುಳು ಇದ್ದೇ ಇದೆ.

ಈ ಅಂಗಡಿಗಳು ಒಮ್ಮೆ ಟಿವಿ ಸುದ್ದಿಯಾದವು. 2023ರ ಜುಲೈ 20ರಂದು ಭಾರತ ಸರ್ಕಾರ ಬಾಸ್ಮತಿಯಲ್ಲದ ಬಿಳಿ ಅಕ್ಕಿಯ ರಫ್ತನ್ನು ನಿಷೇಧಿಸಿತು. ಜಗತ್ತಿನ ಅಕ್ಕಿ ರಫ್ತಿನಲ್ಲಿ ಶೇ 40ರಷ್ಟು ಭಾರತದ್ದು. ಸುದ್ದಿ ವಾಟ್ಸ್‌ಆ್ಯಪ್‌ನಲ್ಲಿ ಹರಿದು ಟೆಕ್ಸಾಸ್, ನ್ಯೂಜೆರ್ಸಿ, ಕ್ಯಾಲಿಫೋರ್ನಿಯಾಗಳಲ್ಲಿ ಜನ ಮುಗಿಬಿದ್ದರು. ಲಕ್ಷಗಟ್ಟಲೆ ಡಾಲರ್ ಸಂಬಳದ ಸಾಫ್ಟ್‌ವೇರ್ ಮಂದಿ ಸೋನಾ ಮಸೂರಿಯ 20 ಪೌಂಡಿನ ಚೀಲಗಳನ್ನು ತಳ್ಳುಗಾಡಿ ತುಂಬ ಹೇರಿಕೊಂಡ ವಿಡಿಯೊಗಳು ಬಂದವು. ಮನೆಗೊಂದೇ ಚೀಲ ಎಂದು ಕೆಲ ಅಂಗಡಿಗಳು ಚೀಟಿ ಅಂಟಿಸಿದವು, ಬೆಲೆಯೂ ಜಿಗಿಯಿತು. ಊರಲ್ಲಿ ನಗೆಯಾಡಿದವರೇ ಹೆಚ್ಚು. ಆದರೆ ಇದೇ ಅಕ್ಕಿಯನ್ನು ಬೆಳೆಯುವ ಗಂಗಾವತಿ, ಸಿಂಧನೂರು ಸೀಮೆಯ ರೈತನಿಗೂ, ಗಿರಣಿಯವನಿಗೂ ಅದು ನಗುವ ವಿಷಯವಾಗಿರಲಿಲ್ಲ. ನಿಷೇಧ ತೆರವಾಗಿದ್ದು 2024ರ ಸೆಪ್ಟೆಂಬರ್ ಕೊನೆಗೆ. ಮುಂದಿನ ಆಗಸ್ಟಿಗೆ ಅಮೆರಿಕವೇ ಭಾರತದ ಸರಕಿಗೆ ಶೇ 50ರ ಸುಂಕ ಹೇರಿತು. ನವೆಂಬರ್‌ನಲ್ಲಿ ಮಸಾಲೆ, ಚಹಾ, ಕಾಫಿಗಳಿಗೆ ವಿನಾಯಿತಿ ಸಿಕ್ಕಿತು. ಅಂಗಡಿಯವರು ಬೆಲೆಚೀಟಿಯನ್ನು ಪೆನ್ಸಿಲಿನಲ್ಲಿ ಬರೆದುಕೊಳ್ಳುವುದೇ ವಾಸಿ.

ಇಷ್ಟೆಲ್ಲ ಕಾವಲು ದಾಟಿ ಬರುವ ಪದಾರ್ಥ ಅಪ್ಪಟ ಭಾರತೀಯವೇ ಎಂದು ಕೇಳಿದರೆ ಕಥೆ ಇನ್ನೂ ಸೊಗಸಾಗುತ್ತದೆ. ಸೋನಾ ಮಸೂರಿಯ ಮಸೂರಿ ಬಂದದ್ದು ಮಲೇಷ್ಯಾದ ತಳಿಯಿಂದ. ಸಾರಿಗೆ ಹಾಕುವ ಇಂಗಿನ ಅಂಟು ಬರುವುದು ಅಫ್ಗಾನಿಸ್ತಾನ, ಇರಾನ್, ಉಜ್ಬೇಕಿಸ್ತಾನಗಳಿಂದ. ಭಾರತದಲ್ಲಿ ಅದನ್ನು ಹಿಟ್ಟು, ಗೋಂದಿನ ಜತೆ ಕಲಸಿ ಡಬ್ಬಿ ತುಂಬುತ್ತಾರೆ. ನಮ್ಮ ನೆಲದಲ್ಲಿ ಅದನ್ನು ಬೆಳೆಯುವ ಪ್ರಯತ್ನವಾಗಿ ಲಾಹೌಲ್ ಕಣಿವೆಯಲ್ಲಿ ಸಸಿ ನೆಟ್ಟದ್ದು 2020ರಲ್ಲಷ್ಟೇ. ಮೆಣಸಿನಕಾಯಿಯಂತೂ ಅಮೆರಿಕ ಖಂಡದ್ದೇ ಮಗಳು. ಪೋರ್ಚುಗೀಸರ ಹಡಗು ಹತ್ತಿ ಬಂದು, ಹಾವೇರಿ ಸೀಮೆಯ ಕಪ್ಪು ನೆಲದಲ್ಲಿ ಬಣ್ಣ ಏರಿಸಿಕೊಂಡು, ನಿರಿಗೆ ಬಿದ್ದ ಬ್ಯಾಡಗಿಯಾಗಿ, 2011ರಲ್ಲಿ ಭೌಗೋಳಿಕ ಮಾನ್ಯತೆಯನ್ನೂ ಪಡೆದು, ಈಗ ತವರು ಖಂಡದಲ್ಲಿ ‘ಆಮದು ಮಾಲು’ ಎಂಬ ಲೆಕ್ಕದಲ್ಲಿ ಮಾರಾಟವಾಗುತ್ತಿದೆ.

ಬ್ಯಾಡಗಿ ಸುಲಭಕ್ಕೆ ಸಿಗುತ್ತದೆಂದಲ್ಲ. ಖಾರ ಕಡಿಮೆ, ಕೆಂಪು ಜಾಸ್ತಿ ಇರುವ ಕಾಯಿ ಬೇಕೆಂದರೆ ಎಷ್ಟೋ ಕಡೆ ಅಂಗಡಿಯವರು ಕೈ ತೋರಿಸುವುದು ‘ಕಾಶ್ಮೀರಿ’ ಎಂದು ಬರೆದ ಪೊಟ್ಟಣಕ್ಕೆ. ಬಿಸಿಬೇಳೆಬಾತಿಗೆ ಬಣ್ಣ ಬರುತ್ತದೆ, ಘಮ ಬರುವುದಿಲ್ಲ. ‘ಇಂಡಿಯನ್’ ಎಂಬ ಫಲಕದ ಕೆಳಗೆ ಯಾವ ಇಂಡಿಯಾ ಎಂದು ನಿರ್ಧರಿಸಿದವರು ಮೊದಲು ಅಂಗಡಿ ಇಟ್ಟವರು. ಗುಜರಾತಿಗಳ ಢೋಕ್ಲಾ ಮಿಕ್ಸ್, ಖಾಖ್ರಾ, ಥೇಪ್ಲಾಗಳಿಗೆ ಕಣ್ಣೆತ್ತರದ ಕಪಾಟು, ನಮಗೆ ಬಗ್ಗಿ ನೋಡುವ ಕಪಾಟು. ತೆಂಕಣದವರ ಸರಕಿಗೆ ಜಾಗ ಹೆಚ್ಚಿದ್ದಕ್ಕೂ ಹಿಂದೊಂದು ಕಾನೂನಿದೆ. 1990ರ ವಲಸೆ ಕಾಯ್ದೆ ಎಚ್‌-1ಬಿ ವೀಸಾ ಹುಟ್ಟಿಸಿತು. ಬೆಂಗಳೂರು, ಹೈದರಾಬಾದ್, ಚೆನ್ನೈಗಳ ಎಂಜಿನಿಯರುಗಳು ಬಂದರು. ಇಡ್ಲಿರವೆ, ಫ್ರೋಜನ್ ತೆಂಗಿನತುರಿ, ಗಾಜಿನ ಬಾಗಿಲ ಹಿಂದೆ ದೋಸೆಹಿಟ್ಟು ಬಂದವು.

ಕನ್ನಡಿಗರು ದೂರದಿಂದಲೇ ಗುರುತಿಸುವ ಪೊಟ್ಟಣ ಎಂಟಿಆರ್‌ನದು. 1924ರಲ್ಲಿ ಪಾರಂಪಳ್ಳಿಯ ಮಯ್ಯ ಸಹೋದರರು ಬೆಂಗಳೂರಲ್ಲಿ ಕಟ್ಟಿದ ಹೋಟೆಲು ಅದು. ತುರ್ತು ಪರಿಸ್ಥಿತಿಯಲ್ಲಿ ಸರ್ಕಾರ ತಿಂಡಿಯ ದರ ಕಟ್ಟಿಹಾಕಿದಾಗ ಹೋಟೆಲು ಮುಚ್ಚಬೇಕಾಯಿತು, ಕೆಲಸಗಾರರಿಗೆ ದುಡಿಮೆ ಉಳಿಸಲು ಸಾರಿನ ಪುಡಿ, ಮಿಕ್ಸ್‌ಗಳ ಕಡೆ ಹೊರಳಿದರು. ಆ ಪುಡಿಯೇ ಈಗ ಸಾಗರ ದಾಟಿದೆ. ಅಲ್ಲೂ ಸರ್ಕಾರದ ಒಂದು ಆದೇಶವೇ ಕಪಾಟಿನ ಹಿಂದೆ ನಿಂತಿದೆ ನೋಡಿ. 2007ರಲ್ಲಿ ಆ ಆಹಾರ ಕಂಪನಿಯನ್ನು ಕೊಂಡದ್ದು ನಾರ್ವೆಯ ಓರ್ಕ್ಲಾ. ನ್ಯೂಜೆರ್ಸಿಯಲ್ಲಿ ಪುಳಿಯೋಗರೆ ಕಲಸುವವರ ದುಡ್ಡಿನಲ್ಲಿ ಒಂದಿಷ್ಟು ಓಸ್ಲೋಗೆ ಹೋಗುತ್ತದೆ. ನನಗೆ ಅದರಿಂದ ಬೇಸರವೇನಿಲ್ಲ, ಪುಡಿ ಹದವಾಗಿದ್ದರೆ ಸಾಕು.

ಬೇಸರವಾಗುವುದು ಜೋಳದ ವಿಷಯದಲ್ಲಿ. ವಿಜಯಪುರ, ಕಲಬುರಗಿ ಕಡೆಯವರು ಇಂಡಿಯನ್ ಸ್ಟೋರಿನಲ್ಲಿ ಹುಡುಕುವುದು ಜೋಳದ ಹಿಟ್ಟನ್ನು. ಸಿಗುತ್ತದೆ, ಭಾರತದಲ್ಲಿ ಬೀಸಿ ಚೀಲ ಹೊಲಿದದ್ದು. ಹಡಗಿನಲ್ಲಿ, ಗೋದಾಮಿನಲ್ಲಿ ತಿಂಗಳುಗಟ್ಟಲೆ ಕಳೆದು ಬರುವಷ್ಟರಲ್ಲಿ ಹಿಟ್ಟಿನ ಜಿಗುಟು ಹೋಗಿರುತ್ತದೆ; ಬಡಿಯುತ್ತಿದ್ದಂತೆ ರೊಟ್ಟಿ ಅಂಚಿನಲ್ಲಿ ಬಿರಿಯುತ್ತದೆ. ಇತ್ತ ಜಗತ್ತಿನಲ್ಲಿ ಅತಿ ಹೆಚ್ಚು ಜೋಳ ಬೆಳೆಯುವ ದೇಶ ಅಮೆರಿಕವೇ. ಕಾನ್ಸಾಸ್ ರಾಜ್ಯದಲ್ಲಿ ಕಣ್ಣು ಹಾಯಿಸಿದಷ್ಟು ದೂರ ಜೋಳದ ಹೊಲ. ಅದರಲ್ಲಿ ಬಹುಪಾಲು ದನ, ಕೋಳಿಗಳ ಮೇವಿಗೆ, ಎಥನಾಲ್‌ಗೆ, ಹೊರದೇಶಗಳ ಹಡಗಿಗೆ. ಮನುಷ್ಯರ ಪಾಲಿಗೆ ಬರುವ ಅಷ್ಟಿಷ್ಟು ಮಾತ್ರ ಗ್ಲುಟೆನ್ ಇಲ್ಲದ ಹಿಟ್ಟೆಂಬ ಹೆಸರಿನಲ್ಲಿ ಅಮೆರಿಕನ್ನರ ಸೂಪರ್‌ಮಾರ್ಕೆಟ್ಟಿನ ಆರೋಗ್ಯದ ಕಪಾಟಿನಲ್ಲಿ ಕೂತಿರುತ್ತದೆ. ಕೆಲವರು ಈಗ ಇಂಡಿಯನ್ ಸ್ಟೋರು ಬಿಟ್ಟು ಆ ಹಿಟ್ಟನ್ನೇ ತಂದು, ಕುದಿಯುವ ನೀರು ಹಾಕಿ ನಾದಿ, ರೊಟ್ಟಿ ಬಡಿಯತೊಡಗಿದ್ದಾರೆ. ಜತೆಗೆ ಬೇಕಾದ ಗುರೆಳ್ಳು ಚಟ್ನಿಪುಡಿ ಮಾತ್ರ ಇನ್ನೂ ಊರಿಂದ ಬರುವವರ ಪೆಟ್ಟಿಗೆಯಲ್ಲೇ ಬರಬೇಕು.